ಎಷ್ಟು ಗಂಟೆ ಗ್ಯಾಪ್ ಬಿಡಬೇಕು ಎಂದು ಕೇಳುವವರಿಗೆ

ಜಿಮ್‌ಗೆ ಹೋಗುವ ಓದುಗರ ಪ್ರಶ್ನೆ ಎಲ್ಲಿಂದಲೇ ಶುರುವಾಗಲಿ, ಕೊನೆಗೆ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ: "ಮಾತ್ರೆಗೂ ಪುಡಿಗೂ ಎಷ್ಟು ಗಂಟೆ ಗ್ಯಾಪ್ ಬಿಡಬೇಕು?" ಹಿಂದೆಯೂ ಚಿಕ್ಕದಾಗಿ ಉತ್ತರ ಕೊಟ್ಟಿದ್ದೇನೆ. ಸಾಲಲಿಲ್ಲ. ಈ ಸಲ ಒಂದು ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನನಗೆ 34 ವರ್ಷ. ಬಿಪಿಗೆ ದಿನಾ ಬೆಳಿಗ್ಗೆ ಟೆಲ್ಮಿಸಾರ್ಟಾನ್ ತಗೊಳ್ತೀನಿ. ಸಂಜೆ ಜಿಮ್‌ಗೆ ಮುಂಚೆ ಒಂದು ಸ್ಕೂಪ್ ಪ್ರೀ-ವರ್ಕೌಟ್ ಪುಡಿ. ಮಧ್ಯೆ 8 ಗಂಟೆ ಗ್ಯಾಪ್ ಇದ್ರೆ ಏನೂ ಆಗಲ್ಲ ಅಂತ ಟ್ರೈನರ್ ಹೇಳ್ತಾರೆ. ಹೌದಾ ಡಾಕ್ಟ್ರೇ?

ಅಲ್ಲ. ನಿಮ್ಮ ಟ್ರೈನರ್ ಸ್ಕ್ವಾಟ್ ಚೆನ್ನಾಗಿಯೇ ಕಲಿಸಬಹುದು, ಆದರೆ ಬಿಪಿ ಮಾತ್ರೆಯ ಬಗ್ಗೆ ಭರವಸೆ ಕೊಡುವ ಕೆಲಸ ಅವರದಲ್ಲ.

ಗ್ಯಾಪ್ ಯಾವಾಗ ಉಪಯೋಗಕ್ಕೆ ಬರುತ್ತದೆ ಅಂದರೆ, ಎರಡು ವಸ್ತುಗಳು ಹೊಟ್ಟೆಯಲ್ಲೋ ಕರುಳಿನಲ್ಲೋ ಒಂದಕ್ಕೊಂದು ಅಂಟಿಕೊಂಡು ಔಷಧಿ ರಕ್ತಕ್ಕೆ ಸೇರದಂತೆ ಮಾಡುವಾಗ. ಒಂದು ಮುಂದೆ ಹೋಗಿಬಿಟ್ಟರೆ ಇನ್ನೊಂದರ ಕೈಗೆ ಸಿಗುವುದಿಲ್ಲ, ಅಷ್ಟೇ. ನಿಮ್ಮ ವಿಷಯ ಬೇರೆ. ಟೆಲ್ಮಿಸಾರ್ಟಾನನ್ನು ದಿನಕ್ಕೆ ಒಂದೇ ಸಲ ಕೊಡುವುದೇ ಅದು 24 ಗಂಟೆ ಕೆಲಸ ಮಾಡುತ್ತದೆ ಎಂದು. ಬೆಳಿಗ್ಗೆ ನುಂಗಿದ್ದು ಸಂಜೆಯೂ ರಕ್ತದಲ್ಲಿದೆ, ರಕ್ತನಾಳಗಳನ್ನು ಸಡಿಲ ಮಾಡುತ್ತಿದೆ. ಅದೇ ಹೊತ್ತಿಗೆ ಪುಡಿಯ ಕೆಫೀನ್ ಬಿಪಿಯನ್ನು ಮೇಲಕ್ಕೆ ಎಳೆಯುತ್ತದೆ. ಭಾರ ಎತ್ತುವಾಗ ಬಿಪಿ ಹೇಗೂ ಏರುತ್ತದೆ, ಅದರ ಮೇಲೆ ಇದು. 8 ಅಲ್ಲ, 12 ಗಂಟೆ ಬಿಟ್ಟರೂ ಇವೆರಡೂ ಒಳಗೆ ಎದುರಾಗೇ ಆಗುತ್ತವೆ.

ಇಂಥ ಹಲವು ಪುಡಿಗಳಲ್ಲಿ ಒಂದು ಸ್ಕೂಪ್‌ಗೆ 200ರಿಂದ 300 ಮಿ.ಗ್ರಾಂ. ಕೆಫೀನ್ ಇರುತ್ತದೆ. ದಿನಕ್ಕೆ 400 ಮಿ.ಗ್ರಾಂ. ತನಕ ಪರವಾಗಿಲ್ಲ ಎಂಬ ಮಾತು ಆರೋಗ್ಯವಂತ ದೊಡ್ಡವರಿಗೆ ಹೇಳಿದ್ದು, ಬಿಪಿ ಇರುವವರು ಅದನ್ನು ತಮ್ಮ ಲೆಕ್ಕಕ್ಕೆ ಹಿಡಿಯಬಾರದು. ನೀವು ದಿನವಿಡೀ ಕುಡಿಯುವ ಕಾಫಿ, ಟೀ ಕೂಡ ಇದರೊಳಗೇ ಬರುತ್ತದೆ. ಕುಡಿದು ಸುಮಾರು 5 ಗಂಟೆ ಆದಮೇಲೂ ಅರ್ಧ ಕೆಫೀನ್ ಮೈಯಲ್ಲೇ ಇರುತ್ತದೆ. ಸಂಜೆ 6ಕ್ಕೆ ಕುಡಿದರೆ ರಾತ್ರಿ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಬಿಪಿಗೂ ಒಳ್ಳೆಯದಲ್ಲ.

ಕೆಫೀನ್‌ಗಿಂತ ನನಗೆ ಜಾಸ್ತಿ ಭಯ ಇರುವುದು ಇಂಥ ಕೆಲವು ಪುಡಿಗಳಲ್ಲಿ ಬೆರೆಸುವ ಉತ್ತೇಜಕಗಳಾದ ಯೋಹಿಂಬಿನ್ ಮತ್ತು ಸಿನೆಫ್ರಿನ್ ಮೇಲೆ. ಎರಡೂ ಬಿಪಿ ಏರಿಸಬಲ್ಲವು, ಎದೆಬಡಿತವನ್ನೂ. ಎಫೆಡ್ರಾ ಎಂಬ ಉತ್ತೇಜಕ ಗಿಡಮೂಲಿಕೆ ಇರುವ ಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿದಾಗ ತೂಕ ಇಳಿಸುವ ಪುಡಿಗಳಲ್ಲಿ ಅದರ ಜಾಗಕ್ಕೆ ಬಂದಿದ್ದೇ ಸಿನೆಫ್ರಿನ್. ಡಬ್ಬಿಯ ಮೇಲೆ ಅದು ಕಹಿ ಕಿತ್ತಳೆ ಸಾರ ಎಂಬ ಹೆಸರಲ್ಲಿ ಇರುತ್ತದೆ, ಓದಿದವರಿಗೆ ಹಣ್ಣಿನ ರಸ ಅನ್ನಿಸುತ್ತದೆ. 'ಪ್ರೊಪ್ರೈಟರಿ ಬ್ಲೆಂಡ್' ಎಂದು ಬರೆದು ಯಾವುದು ಎಷ್ಟಿದೆ ಎಂದು ಹೇಳದ ಡಬ್ಬಿಯನ್ನು ನಾನಂತೂ ಯಾವ ರೋಗಿಗೂ ಒಪ್ಪುವುದಿಲ್ಲ. ಪ್ರಮಾಣ ಗೊತ್ತಿಲ್ಲದೆ ಔಷಧಿ ಕೊಡಲು ನನಗೆ ಬರುವುದಿಲ್ಲ, ಪುಡಿಗೂ ಅದೇ ಮಾತು.

ನೀವು ಕೇಳದಿದ್ದರೂ ಇನ್ನೊಂದು ಹೇಳಲೇಬೇಕು. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಉಳಿಯುವಂತೆ ಮಾಡುತ್ತವೆ. ಅದರ ಮೇಲೆ ಪೊಟ್ಯಾಸಿಯಂ ಇರುವ ಎಲೆಕ್ಟ್ರೋಲೈಟ್ ಪುಡಿಯನ್ನು ದಿನಾ ಕುಡಿದರೆ ಮಟ್ಟ ಏರಿ ಎದೆಬಡಿತದ ಲಯವೇ ತಪ್ಪಬಹುದು. ಇನ್ನು ಮೈಕೈ ನೋವು ಎಂದು ಸುಮ್ನೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಅಭ್ಯಾಸ. ಚೆನ್ನಾಗಿ ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಬಿಪಿ ಮಾತ್ರೆಯೂ ಈ ನೋವಿನ ಮಾತ್ರೆಯೂ ಸೇರಿದರೆ ಪೆಟ್ಟು ಬೀಳುವುದು ಕಿಡ್ನಿಗೆ. ಬಿಪಿಗೆ ನೀರಿನ ಮಾತ್ರೆಯನ್ನೂ (ಮೂತ್ರ ಹೆಚ್ಚಿಸುವ ಮಾತ್ರೆ) ಕೊಟ್ಟಿದ್ದರೆ ಅಪಾಯ ಇನ್ನೂ ಜಾಸ್ತಿ.

ಹಾಗಾದರೆ ಏನು ಮಾಡಬೇಕು? ಪುಡಿ ನಿಲ್ಲಿಸಿ, ಮಾತ್ರೆಯನ್ನಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಜಿಮ್ ಇರುವ ದಿನ ಬಿಪಿ ಮಾತ್ರೆ ಬಿಟ್ಟು ಪುಡಿ ಕುಡಿಯುತ್ತಿದ್ದ ಹುಡುಗನೊಬ್ಬ ನನ್ನ ಮುಂದೆ ಕೂತು ಅದನ್ನು ಜಾಣತನ ಎಂಬಂತೆ ಹೇಳಿದ್ದ. ಅವತ್ತು ಅವನ ಬಿಪಿ 180/110 ಇತ್ತು. ಒಂದು ವಾರ ಮನೆಯಲ್ಲೇ ಬಿಪಿ ನೋಡಿ ಬರೆದಿಡಿ. ಆ ಚೀಟಿಯನ್ನೂ ಡಬ್ಬಿಯನ್ನೂ ನಿಮ್ಮ ಡಾಕ್ಟರ ಬಳಿ ಒಯ್ಯಿರಿ, ಫೋಟೋ ಅಲ್ಲ, ಡಬ್ಬಿಯನ್ನೇ. ಕಿಡ್ನಿ ಪರೀಕ್ಷೆ ಸರಿ ಇದ್ದರೆ ಬರೀ ವೇ ಪ್ರೊಟೀನಿಗೋ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್‌ಗೋ ಸಾಮಾನ್ಯವಾಗಿ ನನ್ನ ತಕರಾರಿಲ್ಲ. ವ್ಯಾಯಾಮದ ನಡುವೆ ಎದೆ ಹಿಡಿದಂತಾದರೆ, ಕಣ್ಣು ಕತ್ತಲೆ ಬಂದರೆ ಟ್ರೈನರನ್ನು ಕೇಳುತ್ತಾ ನಿಲ್ಲಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಥೈರಾಯ್ಡ್ ಮಾತ್ರೆ ನುಂಗಿದ ತಕ್ಷಣ ಪ್ರೊಟೀನ್ ಶೇಕ್, ಮಲ್ಟಿವಿಟಮಿನ್ ತಗೊಳ್ಬಹುದಾ?

ಗ್ಯಾಪ್ ನಿಜವಾಗಿ ಬೇಕಾದದ್ದು ಇಲ್ಲಿ. ಲೆವೋಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ. ಕ್ಯಾಲ್ಸಿಯಂ, ಕಬ್ಬಿಣ ಇರುವ ಯಾವುದೇ ಮಾತ್ರೆ, ಪುಡಿ 4 ಗಂಟೆ ಆದಮೇಲೆ. ಶೇಕ್‌ನಲ್ಲೂ ಕ್ಯಾಲ್ಸಿಯಂ ಇರುತ್ತದೆ, ಮರೆಯಬೇಡಿ. ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರೆ ಪರೀಕ್ಷೆಗೆ ರಕ್ತ ಕೊಡುವ ಮುಂಚೆ ಹೇಳಿ, ಅದು ಥೈರಾಯ್ಡ್ ರಿಪೋರ್ಟನ್ನೇ ತಪ್ಪಾಗಿ ತೋರಿಸಬಲ್ಲದು.

ಪ್ರಶ್ನೆ: ಕ್ರಿಯೇಟಿನ್ ಶುರು ಮಾಡಿದ ಮೇಲೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.4 ಬಂದಿದೆ. ಕಿಡ್ನಿ ಹೋಯ್ತಾ?

ಅಷ್ಟರಿಂದಲೇ ಹೇಳಲಾಗದು. ಕ್ರಿಯೇಟಿನ್ ದೇಹದಲ್ಲಿ ಕ್ರಿಯಾಟಿನಿನ್ ಎಂಬ, ಕಿಡ್ನಿ ಹೊರಹಾಕುವ ತ್ಯಾಜ್ಯವಾಗಿಯೇ ಬದಲಾಗುತ್ತದೆ, ಹಾಗಾಗಿ ಕಿಡ್ನಿ ಚೆನ್ನಾಗಿದ್ದರೂ ಅಂಕಿ ಏರಬಹುದು. ಹಾಗಂತ ನೀವೇ ತೀರ್ಮಾನ ಮಾಡಬೇಡಿ. ಪುಡಿ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ, ಕ್ರಿಯೇಟಿನ್ ಪ್ರಭಾವ ಬೀಳದೆ ಕಿಡ್ನಿ ನೋಡುವ ಸಿಸ್ಟಾಟಿನ್ ಸಿ ಪರೀಕ್ಷೆ ಮಾಡಿಸಬಹುದಾ ಎಂದು ಕೇಳಿ.

ಪ್ರಶ್ನೆ: ಗಿಡಮೂಲಿಕೆಯದ್ದು, ಸೈಡ್ ಎಫೆಕ್ಟ್ ಇರಲ್ಲ ಅಲ್ವಾ?

ಇರುತ್ತದೆ, ಗ್ರೀನ್ ಟೀ ಸಾರದ ಮಾತ್ರೆ, ಅಶ್ವಗಂಧ ಎರಡರಿಂದಲೂ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ.

ಪ್ರಶ್ನೆ: ಖಿನ್ನತೆಗೆ ಎಸ್ಸಿಟಾಲೋಪ್ರಾಮ್ ತಗೊಳ್ತೀನಿ. ವರ್ಕೌಟ್ ಆದಮೇಲೆ ನಿದ್ದೆ ಬರಲಿ ಅಂತ 5-ಎಚ್‌ಟಿಪಿ ಅನ್ನೋ ಪೂರಕ ಕೊಟ್ಟಿದ್ದಾರೆ. ರಾತ್ರಿ ಬೇರೆ ಹೊತ್ತಿಗೆ ತಗೊಂಡ್ರೆ?

ಯಾವ ಹೊತ್ತಿಗೂ ಬೇಡ. ಎರಡೂ ದೇಹದ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಏರಿಸುತ್ತವೆ, ಅದು ಅತಿಯಾದರೆ ಅಪಾಯ. ಈಗಾಗಲೇ ತಗೊಂಡಿದ್ದು ಮೈ ನಡುಕ, ಜ್ವರ, ಅತಿಯಾದ ಬೆವರು, ಚಡಪಡಿಕೆ ಇದ್ದರೆ ಈ ಉತ್ತರವನ್ನು ಮತ್ತೆ ಓದುತ್ತಾ ಕೂರಬೇಡಿ, ಈಗಲೇ ತುರ್ತು ಚಿಕಿತ್ಸೆಗೆ ಹೋಗಿ. ಎಸ್ಸಿಟಾಲೋಪ್ರಾಮನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ಬರೆದುಕೊಟ್ಟವರನ್ನು ಕೇಳಿ.