ಭಾರ ಎತ್ತಿದರೆ ಮಗ ಕುಳ್ಳಾಗುತ್ತಾನಾ?

ಹಾಸನದಲ್ಲಿ ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುತ್ತಾ ಬಂದಿರುವ ನನಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಭಾರದ ಕುರಿತೇ ಇವೆ. ಎತ್ತುವ ಭಾರ, ಇಳಿಸುವ ಭಾರ. ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಸರ್, ನನ್ನ ಮಗನಿಗೆ 13 ತುಂಬಿ 14 ನಡೀತಿದೆ. ಒಂದು ವರ್ಷದಿಂದ ಬಾಕ್ಸಿಂಗ್ ಕಲೀತಿದ್ದಾನೆ. ಈಗ ಜಿಮ್ಮಿಗೆ ಸೇರಿಸು ಅಂತ ಹಟ ಹಿಡಿದಿದ್ದಾನೆ. ಬೆಳೆಯೋ ಹುಡುಗ ಭಾರ ಎತ್ತಿದ್ರೆ ಕುಳ್ಳಾಗ್ತಾನೆ ಅಂತಾರೆ ನಮ್ಮ ತಂದೆ. ಸದ್ಯಕ್ಕೆ ಭಾನುವಾರ ಶ್ರವಣಬೆಳಗೊಳದ ದೊಡ್ಡ ಬೆಟ್ಟ ಹತ್ತಿಸಿ ಇಳಿಸ್ತಾ ಇದ್ದೀನಿ. ಅಷ್ಟು ಸಾಕಾ? (ಚನ್ನರಾಯಪಟ್ಟಣದ ಓದುಗರು)

ಉತ್ತರ: ನಿಮ್ಮ ತಂದೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಕೈಕಾಲಿನ ಉದ್ದ ಮೂಳೆಗಳ ತುದಿಯಲ್ಲಿ ಮೆದು ಮೂಳೆಯ ಒಂದು ಪದರವಿದೆ. ಮಕ್ಕಳು ಉದ್ದವಾಗುವುದು ಅಲ್ಲಿಂದಲೇ. ಬೆಳವಣಿಗೆ ಮುಗಿಯುವವರೆಗೂ ಅದು ಗಟ್ಟಿಯಾಗುವುದಿಲ್ಲ, ಅಲ್ಲಿಗೆ ಪೆಟ್ಟಾದರೆ ತೊಂದರೆ ಎನ್ನುವುದೂ ನಿಜ. ಆದರೆ ಗೊತ್ತಿರುವವರು ಪಕ್ಕದಲ್ಲಿ ನಿಂತು, ಅಳತೆಯಿಟ್ಟು ಎತ್ತಿಸಿದ ಭಾರದಿಂದ ಎತ್ತರ ಕುಂಠಿತವಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ನಿಮ್ಮ ಕಡೆಯ ಹುಡುಗ ಎಂದರೆ ತೋಟದಲ್ಲಿ ತೆಂಗಿನಕಾಯಿ ಚೀಲವನ್ನು ಬೆನ್ನಿಗೇರಿಸಿಯೇ ಇರುತ್ತಾನೆ. ಆ ಚೀಲ ಎತ್ತುವ ಭಂಗಿ ನೋಡಿದರೆ ನನಗೆ ಜಿಮ್ಮಿಗಿಂತ ಅದೇ ಹೆಚ್ಚು ಹೆದರಿಕೆ.

ಮಕ್ಕಳಿಗೆ ಏಟಾಗುವುದು ಎಲ್ಲಿ ಎಂಬುದನ್ನು ನನ್ನ ಮೈಯೇ ಕಲಿಸಿದೆ. 15ನೇ ವಯಸ್ಸಿನಲ್ಲಿ ನಾವೊಂದಷ್ಟು ಹುಡುಗರು ಒಂದು ಶೆಡ್ಡಿನಲ್ಲಿ ಕಸರತ್ತು ಮಾಡುತ್ತಿದ್ದೆವು. ನೀರಿನ ಪೈಪಿನ ಎರಡೂ ತುದಿಗೆ ಸಿಮೆಂಟ್ ತುಂಬಿದ ಡಬ್ಬ, ಅದೇ ನಮ್ಮ ಬಾರು. ಎಷ್ಟು ಕೆಜಿ ಎಂದು ಯಾರಿಗೂ ಗೊತ್ತಿರಲಿಲ್ಲ, ಒಂದು ಡಬ್ಬ ಇನ್ನೊಂದಕ್ಕಿಂತ ತೂಕ ಬೇರೆ. ಗೆಳೆಯರು ಪಂದ್ಯ ಕಟ್ಟಿದರು, ನಾನು ಬೆನ್ನು ಗೂನು ಮಾಡಿಕೊಂಡು ಒಂದೇ ಏಟಿಗೆ ಕಿತ್ತೆ. ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಆ ವರ್ಷ ರಿಂಗಿಗೆ ಇಳಿಯಲಿಲ್ಲ. ಎಷ್ಟೋ ದಿನ ನನ್ನ ಶೂ ಲೇಸು ಕಟ್ಟಿದ್ದು ನಮ್ಮಮ್ಮ.

ಹಾಗಾಗಿ ಜಿಮ್ ಹುಡುಕುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಉದ್ದನೆ ಕೋಲನ್ನು ಮಗನ ಬೆನ್ನಿಗೆ ನೆಟ್ಟಗೆ ಹಿಡಿಯಿರಿ. ತಲೆಯ ಹಿಂಭಾಗ, ರೆಕ್ಕೆಮೂಳೆಗಳ ನಡುವೆ, ಬೆನ್ನೆಲುಬಿನ ಬುಡ, ಈ ಮೂರೂ ಕಡೆ ಕೋಲು ತಾಗಿರಬೇಕು. ಈಗ ಮಂಡಿ ಸ್ವಲ್ಪವೇ ಮಡಿಸಿ, ಕುಂಡಿ ಹಿಂದಕ್ಕೆ ತಳ್ಳುತ್ತಾ ಮುಂದಕ್ಕೆ ಬಾಗಲಿ. ಹೆಚ್ಚಿನ ಮಕ್ಕಳಲ್ಲಿ ಅರ್ಧ ಬಾಗುವಷ್ಟರಲ್ಲಿ ಕೋಲು ಬುಡದಿಂದ ಎದ್ದುಬಿಡುತ್ತದೆ. ಹಾಗೆ ಎದ್ದರೆ ಅವನ ಕೈಗೆ ಇನ್ನೂ ಬಾರು ಕೊಡುವ ಹಾಗಿಲ್ಲ. ಮೂರೂ ಕಡೆ ತಾಗಿಸಿಕೊಂಡೇ ಹತ್ತು ಸಲ ಬಾಗಿ ಏಳುವವರೆಗೆ ಕೋಲೇ ಅವನ ಬಾರು. ಅದರ ಜೊತೆಗೆ ದಂಡ, ಬಸ್ಕಿ, ನೇತಾಡಿ ಮೈ ಮೇಲೆಳೆಯುವ ಪುಲ್‌ಅಪ್. ನಿಮ್ಮ ತಂದೆಯವರು ಗರಡಿ ಕಂಡವರಾಗಿದ್ದರೆ ಬಸ್ಕಿ ಅವರೇ ಹೇಳಿಕೊಡಲಿ, ಅವರ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಭಾರ ಶುರು ಮಾಡಿದ ಮೇಲೆ ವಾರಕ್ಕೆ ಎರಡು ದಿನ ಸಾಕು, ನಡುವೆ ಒಂದು ದಿನವಾದರೂ ಬಿಡುವಿರಲಿ. 8ರಿಂದ 12 ಸಲ ಎತ್ತುವಂಥ ಹಗುರ ಭಾರ, ಎರಡು ಮೂರು ಸೆಟ್. ಇನ್ನೂ ಎರಡು ಸಲ ಎತ್ತಬಲ್ಲೆ ಎನ್ನುವಾಗಲೇ ಕೆಳಗಿಡಬೇಕು. ಕೊನೆಯದನ್ನೂ ಮೊದಲನೆಯದರಷ್ಟೇ ಚೊಕ್ಕವಾಗಿ ಎತ್ತಿದರೆ ಮಾತ್ರ ಭಾರ ಹೆಚ್ಚಿಸಿ, ಅದೂ ನೂರಕ್ಕೆ ಐದೋ ಹತ್ತೋ. "ಗರಿಷ್ಠ ಎಷ್ಟು ಎತ್ತುತ್ತೀಯ ನೋಡೋಣ" ಎನ್ನುವ ಆಟ ಈ ವಯಸ್ಸಿಗೆ ಬೇಡವೇ ಬೇಡ. ತೋಳು ಉಬ್ಬಲಿಲ್ಲವಲ್ಲ ಎಂದು ಹುಡುಗ ಬೇಜಾರು ಮಾಡಿಕೊಳ್ಳಬಹುದು. ಎಳೆಯ ವಯಸ್ಸಿನಲ್ಲಿ ಬಲ ಹೆಚ್ಚುವುದು ಮುಖ್ಯವಾಗಿ ನರಗಳು ಸ್ನಾಯುಗಳನ್ನು ದುಡಿಸುವುದು ಕಲಿತದ್ದರಿಂದ. ಗಾತ್ರ ಆಮೇಲೆ ಬರುತ್ತದೆ ಎಂದು ಹೇಳಿ.

ಇನ್ನೊಂದು. ಹುಡುಗರು ದಿಢೀರ್ ಎಂದು ಉದ್ದವಾಗುವುದು 13, 14ರ ಆಸುಪಾಸಿನಲ್ಲೇ. ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆ ಸರಸರ ಮೇಲೇರುತ್ತಿರುವ ತಿಂಗಳುಗಳಲ್ಲಿ ಅವನಿಗೆ ತನ್ನ ಕಾಲೇ ತನ್ನ ಮಾತು ಕೇಳದು, ಸ್ಕಿಪ್ಪಿಂಗ್ ಹಗ್ಗ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ಆಗ ಬೈಯಬೇಡಿ, ಭಾರ ಏರಿಸಬೇಡಿ. ಮಂಡಿಚಿಪ್ಪಿನ ಕೆಳಗಿನ ಉಬ್ಬು ಮುಟ್ಟಿದರೆ ನೋವು ಎಂದರೆ ಜಿಗಿತ, ಓಟ ಕಡಿಮೆ ಮಾಡಿ ವೈದ್ಯರಿಗೆ ತೋರಿಸಿ.

ಬೆಳಗೊಳದ ಬೆಟ್ಟ ಒಳ್ಳೆಯದೇ. 600ಕ್ಕೂ ಹೆಚ್ಚು ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು, ಹತ್ತುವುದು ಬರಿಗಾಲಲ್ಲಿ. ಹತ್ತುವುದರಿಂದ ತೊಡೆಗೂ ಉಸಿರಿಗೂ ಕಸುವು ಬರುತ್ತದೆ. ಮಂಡಿಗೆ ಕಷ್ಟವಾಗುವುದು ಇಳಿಯುವಾಗ. ಓಡಿ ಇಳಿಯಲು ಬಿಡಬೇಡಿ, ಕಂಬಿ ಹಿಡಿದು ನಿಧಾನಕ್ಕೆ ಇಳಿಯಲಿ.

ಪ್ರಶ್ನೆ: ಸರ್, ನನಗೆ 17. ಮಲಗಿ ಭಾರ ಮೇಲಕ್ಕೆ ತಳ್ಳೋ ಬೆಂಚ್ ಪ್ರೆಸ್ 70 ಕೆಜಿ ಹೊಡೀತೀನಿ, ಆದ್ರೂ ಪಂಚಿನಲ್ಲಿ ಪವರ್ ಇಲ್ಲ ಅಂತಾರೆ ಕೋಚ್. ಎರಡು ಕೆಜಿ ಡಂಬೆಲ್ ಹಿಡಿದು, ಗಾಳಿಗೆ ಪಂಚ್ ಹೊಡೆಯೋ ಶ್ಯಾಡೋ ಮಾಡಿದ್ರೆ ಸರಿಹೋಗುತ್ತಾ? (ಸಕಲೇಶಪುರದ ಓದುಗ)

ಉತ್ತರ: ತಮ್ಮಾ, ಡಂಬೆಲ್ ಕೆಳಗಿಡು. ನಿನ್ನ ಮುಷ್ಟಿ ಹೋಗಬೇಕಾದ್ದು ಮುಂದಕ್ಕೆ, ಡಂಬೆಲ್ ಎಳೆಯುವುದು ನೆಲಕ್ಕೆ. ಹಾಗಾಗಿ ನೀನು ಪಂಚ್ ಅಭ್ಯಾಸ ಮಾಡುತ್ತಿಲ್ಲ, ಕೈ ಕೆಳಗೆ ಬೀಳದ ಹಾಗೆ ಹಿಡಿದಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದೀಯ. ವೇಗವಾಗಿ ಬೀಸಿದರೆ ಮೊಣಕೈ ಕೀಲಿಗೆ ಜಟಕಾ ಬೇರೆ.

ಪಂಚ್ ಹುಟ್ಟುವುದು ಹಿಂದಿನ ಕಾಲಿನಲ್ಲಿ. ಪಾದ ನೆಲವನ್ನು ಒತ್ತುತ್ತದೆ, ಹಿಮ್ಮಡಿ ಹೊರಕ್ಕೆ ತಿರುಗುತ್ತದೆ, ಸೊಂಟ ತಿರುಗುತ್ತದೆ, ಎದೆ ಹಿಂಬಾಲಿಸುತ್ತದೆ, ಕೈ ಬರುವುದು ಕಟ್ಟಕಡೆಗೆ. ಪಳಗಿದ ಬಾಕ್ಸರ್‌ಗಳ ಹೊಡೆತದಲ್ಲಿ ಕಾಲಿನ ಪಾಲು ದೊಡ್ಡದು, ಹೊಸಬರ ಹೊಡೆತದಲ್ಲಿ ಕೈಯ ಪಾಲು ದೊಡ್ಡದು. ಹಿಂದಿನ ಕೈಯಿಂದ ನೇರ ಹೊಡೆಯುವ ನಿನ್ನ ಕ್ರಾಸ್ ಪಂಚನ್ನು ಪಕ್ಕದಿಂದ ವಿಡಿಯೋ ಮಾಡಿಸಿ ನೋಡು. ಗ್ಲೌಸ್ ಬ್ಯಾಗಿಗೆ ತಾಗುವ ಹೊತ್ತಿಗೆ ಹಿಂದಿನ ಹಿಮ್ಮಡಿ ಇನ್ನೂ ನೆಲಕ್ಕೆ ಅಂಟಿಕೊಂಡಿದ್ದರೆ ಅಲ್ಲಿದೆ ನಿನ್ನ ಕಾಣೆಯಾದ ಪವರ್.

ಬೆಂಚನ್ನು ವಾರಕ್ಕೆ ಒಂದೇ ದಿನ ಮಾಡು. ಉಳಿದ ಶಕ್ತಿಯನ್ನು ಬಾರು ಹೊತ್ತು ಕೂತೇಳುವ ಸ್ಕ್ವಾಟ್, ಬಾರನ್ನು ನೆಲದಿಂದ ಎತ್ತುವ ಡೆಡ್‌ಲಿಫ್ಟ್, ಒಂದು ಕಾಲು ಮುಂದಿಟ್ಟು ಕೂರುವ ಲಂಜ್, ಪುಲ್‌ಅಪ್‌ಗೆ ಕೊಡು. ಜೊತೆಗೆ ಮೂರು ಕೆಜಿ ಮೆಡಿಸಿನ್ ಬಾಲನ್ನು ಗೋಡೆಗೆ ಅಡ್ಡಡ್ಡ ನಿಂತು, ಸೊಂಟ ತಿರುಗಿಸಿ ಬೀಸಿ ಎಸೆ. ಪ್ರತಿ ಬದಿಗೆ ಐದೇ ಸಲ, ನಡುವೆ ಚೆನ್ನಾಗಿ ಸುಧಾರಿಸಿಕೊಂಡು ಮೂರು ಸೆಟ್. ಚೆಂಡು ಗೋಡೆಗೆ ಬಡಿಯುವ ಸದ್ದು ಮಂಕಾಯಿತೆಂದರೆ ಅವತ್ತಿಗೆ ಮುಗಿಯಿತು. ಚೆಂಡಿಲ್ಲದಿದ್ದರೆ ಹಳೇ ಬಾಸ್ಕೆಟ್‌ಬಾಲಿಗೆ ಮೂರು ಕೆಜಿ ತೂಗುವಷ್ಟೇ ಮರಳು ತುಂಬಿ ಪಂಕ್ಚರ್ ಅಂಗಡಿಯಲ್ಲಿ ಮುಚ್ಚಿಸಿಕೊ. ನಿನ್ನ ವಯಸ್ಸಿನವರ ಪಂದ್ಯ, ಯೂತ್ ಬೌಟ್ ಎಂದರೆ ಮೂರು ನಿಮಿಷದ ಮೂರು ರೌಂಡು. ಈ ಜೋರು ಮೂರನೇ ರೌಂಡಿಗೂ ಉಳಿಯಬೇಕಾದರೆ ಸ್ಪಾರಿಂಗ್, ಅಂದರೆ ಜೊತೆಗಾರನೊಡನೆ ಅಭ್ಯಾಸದ ಕಾದಾಟ, ಇರುವುದರ ಹಿಂದಿನ ದಿನ ಕಾಲಿಗೆ ಭಾರ ಕೊಡಬೇಡ. ಒಂದೇ ದಿನ ಎರಡೂ ಇದ್ದರೆ ಮೊದಲು ಬಾಕ್ಸಿಂಗ್, ಆಮೇಲೆ ಬಾರು.

ಪ್ರಶ್ನೆ: ಮಗಳಿಗೆ 15 ವರ್ಷ, 53 ಕೆಜಿ ಇದ್ದಾಳೆ. ಒಂದು ವಾರದಲ್ಲಿ 50 ಕೆಜಿ ವಿಭಾಗಕ್ಕೆ ಇಳಿಸಬೇಕು ಅಂತ ಊಟ ಬಿಡಿಸಿ, ರೈನ್‌ಕೋಟ್ ಹಾಕಿಸಿ ಓಡಿಸ್ತಿದ್ದಾರೆ. ನೀರೂ ಕುಡಿಯಲ್ಲ. ತಲೆಗೆ ಏಟು ಬೀಳೋದೂ ನನಗೆ ಭಯ. ಸ್ಟ್ರೆಂತ್ ಬಂದ್ರೆ ಅದು ಕಮ್ಮಿಯಾಗುತ್ತಾ? (ಹಾಸನದ ತಾಯಿ)

ಉತ್ತರ: ಅಮ್ಮಾ, ಇವತ್ತೇ ನಿಲ್ಲಿಸಿ. ಯಾರಿಗೂ ದಾಕ್ಷಿಣ್ಯ ಬೇಡ. ರೈನ್‌ಕೋಟಿನಲ್ಲಿ ಓಡಿದರೆ ಇಳಿಯುವುದು ನೀರು, ಕೊಬ್ಬಲ್ಲ. 53ರಲ್ಲಿ ಮೂರು ಕೆಜಿ ಎಂದರೆ ಮೈತೂಕದ ನೂರಕ್ಕೆ ಐದಕ್ಕಿಂತ ಹೆಚ್ಚು. ನೂರಕ್ಕೆ ಎರಡರಷ್ಟು ನೀರು ಹೋದರೂ ಚುರುಕು ತಗ್ಗುತ್ತದೆ, ಮೈ ಕಾವೇರಿ ಹೃದಯ, ಮೂತ್ರಪಿಂಡಕ್ಕೂ ಅಪಾಯವಾಗಬಹುದು. ಹೀಗೆ ಉಪವಾಸ ಬಿದ್ದು ಮುಟ್ಟು ಏರುಪೇರಾದರೆ ಅದು ಮೂಳೆ ಸವೆಯುವುದರ ಮುನ್ಸೂಚನೆಯೂ ಹೌದು, ಅದೂ ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ. ಮೂತ್ರ ಹೋಗಿಸುವ ಮಾತ್ರೆ ಕೊಡುತ್ತೇನೆ ಎಂದು ಯಾರಾದರೂ ಬಂದರೆ, ಅದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ನಿಷೇಧಿಸಿದ ಪಟ್ಟಿಯಲ್ಲಿದೆ ಎಂದು ಮುಖಕ್ಕೇ ಹೇಳಿ. ಬೆಳೆಯುವ ಹುಡುಗಿ ತನ್ನ ತೂಕದಲ್ಲೇ ಆಡಲಿ. ಮುಂದಿನ ವರ್ಷ ಇನ್ನೊಂದು ತೂಕಕ್ಕೆ ಏರಿದರೆ ಏರಲಿ.

ತಲೆಯ ವಿಚಾರದಲ್ಲಿ ನಾನು ನಿಮಗೆ ಸುಳ್ಳು ಸಮಾಧಾನ ಹೇಳಲಾರೆ. ಕತ್ತಿಗೆ ಬಲ ಬರುವುದು ಒಳ್ಳೆಯದೇ. ಅಂಗೈಯಿಂದ ಹಣೆಯನ್ನು ಮೆಲ್ಲಗೆ ಒತ್ತಿ, ಕತ್ತು ಅಲುಗದಂತೆ ತಡೆಯುವ ಕಸರತ್ತನ್ನು ನಾಲ್ಕೂ ಬದಿಗೆ ಮಾಡಿಸುತ್ತೇನೆ. ಆದರೆ ಅದು ಮೆದುಳಿಗೆ ಕವಚವಲ್ಲ. ಹೆಡ್‌ಗಾರ್ಡ್ ಹುಬ್ಬು ಒಡೆಯುವುದನ್ನು ತಪ್ಪಿಸುತ್ತದೆ, ಮೆದುಳು ಅಲುಗುವುದನ್ನು ತಪ್ಪಿಸದು. ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರು 2011ರಲ್ಲಿ, ಮಕ್ಕಳಿಗೆ ಬಾಕ್ಸಿಂಗೇ ಬೇಡ ಎಂದು ಒಟ್ಟಾಗಿ ಹೇಳಿದ್ದು ಇದೇ ಕಾರಣಕ್ಕೆ. ಈ ಆಟದಲ್ಲೇ ಬದುಕಿದ ನಾನು ಆ ಮಾತನ್ನು ನಿಮ್ಮಿಂದ ಮುಚ್ಚಿಡುವುದು ತಪ್ಪು. ಕಾಲಾಟ, ಬ್ಯಾಗು, ಪ್ಯಾಡು, ಕಸರತ್ತು ಇವೆಲ್ಲ ತಲೆಗೆ ಏಟಿಲ್ಲದೆ ಕಲಿಯುವಂಥವು. ಕಲಿಕೆಯ ಹೆಚ್ಚು ಪಾಲು ಅದೇ ಇರಲಿ, ಜೋರು ಸ್ಪಾರಿಂಗ್ ಅಪರೂಪಕ್ಕಿರಲಿ. ಏಟು ಬಿದ್ದ ಮೇಲೆ ತಲೆನೋವು, ವಾಂತಿ, ಮಂಪರು, ಕೇಳಿದ್ದನ್ನೇ ಮತ್ತೆ ಕೇಳುವುದು ಕಂಡರೆ ಆ ಕ್ಷಣವೇ ಗ್ಲೌಸ್ ಬಿಚ್ಚಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವೈದ್ಯರು ಒಪ್ಪುವವರೆಗೆ ರಿಂಗಿನ ಮಾತೇ ಬೇಡ.

ಪ್ರಶ್ನೆ: 50 ಕೆಜಿ ಇರುವ 16ರ ಮಗನಿಗೆ ಪ್ರೋಟೀನ್ ಪೌಡರ್ ಬೇಕೇಬೇಕಾ? (ಅರಸೀಕೆರೆಯ ಓದುಗರು)

ಉತ್ತರ: ಬೇಡ. ಮೈತೂಕದ ಕೆಜಿಗೆ ಒಂದೂವರೆ ಗ್ರಾಂ ಲೆಕ್ಕದಲ್ಲಿ ಅವನಿಗೆ ದಿನಕ್ಕೆ 75 ಗ್ರಾಂ ಪ್ರೋಟೀನ್ ಸಾಕು. ಎರಡು ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16, ಒಂದು ಹಿಡಿ ಕಡಲೆಬೀಜ ಅಂದರೆ 50 ಗ್ರಾಮಿನಲ್ಲಿ 12, ಅಷ್ಟೇ ಹುರುಳಿಕಾಳಿನಲ್ಲಿ 11. ಉಳಿದದ್ದು ಮುದ್ದೆ, ಅನ್ನದಲ್ಲೇ ಬರುತ್ತದೆ. ಹುರುಳಿಯ ಕಟ್ಟಿನ ಸಾರಷ್ಟೇ ಬಡಿಸಿ ಕಾಳನ್ನು ದನಕ್ಕೆ ಹಾಕಬೇಡಿ, ಪಲ್ಯ ಮಾಡಿ ತಟ್ಟೆಗೆ ಹಾಕಿ. ಇದಕ್ಕಿಂತ ಹೆಚ್ಚಾಗಿ ನಿಮ್ಮ ಮಗನಿಗೆ ಬೇಕಾದ್ದು ನಿದ್ದೆ, ಈ ವಯಸ್ಸಿಗೆ 8ರಿಂದ 10 ಗಂಟೆ. ಬೆಳಿಗ್ಗೆ 5ಕ್ಕೆ ಎದ್ದು ಪ್ರಾಕ್ಟೀಸಿಗೆ ಬರುವವನು ರಾತ್ರಿ 9ಕ್ಕೆ ಮಲಗಿರಬೇಕು. ಅವನ ಮೊಬೈಲನ್ನು ನಿಮ್ಮ ಕೋಣೆಯಲ್ಲಿ ಚಾರ್ಜಿಗೆ ಹಾಕಿ.