ಕೋಡ್ ಪೂರ್ತಿ ಕಳಿಸಿದರೂ ಯಾರೂ ಸಹಾಯ ಮಾಡುವುದಿಲ್ಲ, ಹೇಗೆ ಕೇಳಬೇಕು?

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೀರಿ, ಎಲ್ಲೋ ಸಿಕ್ಕಿಕೊಂಡಿದ್ದೀರಿ, ಇಡೀ ಕೋಡ್ ಕಳಿಸಿದರೂ ಗೊತ್ತಿರುವವರು ಸುಮ್ಮನಿರುತ್ತಾರೆ ಅಂತ ಬರೆದಿದ್ದೀರಿ. ಇಡೀ ಕೋಡ್ ಕಳಿಸುವುದೇ ತೊಂದರೆ ಅಂತ ನನಗನ್ನಿಸುತ್ತದೆ. ಹೊಸಬರು ನನಗೂ ಹೀಗೆ ಕಳಿಸುತ್ತಾರೆ. ನೂರಾರು ಸಾಲು, ಕೆಳಗೆ 'ವರ್ಕ್ ಆಗ್ತಿಲ್ಲ' ಅಂತ ಒಂದು ಮಾತು. ಸಹಾಯ ಮಾಡುವ ಮನಸ್ಸಿದ್ದರೂ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ.

ಮೊದಲು ಫೈಲ್‌ನ ಒಂದು ಕಾಪಿ ಮಾಡಿಕೊಂಡು ಅದನ್ನು ಕತ್ತರಿಸಿ. ಸಂಬಂಧವಿಲ್ಲ ಅನ್ನಿಸಿದ ಭಾಗ ತೆಗೆದು ಮತ್ತೆ ರನ್ ಮಾಡಿ. ತೊಂದರೆ ಹಾಗೇ ಇದ್ದರೆ ಇನ್ನಷ್ಟು ತೆಗೆಯಿರಿ. ಮಾಯವಾದರೆ, ಈಗಷ್ಟೇ ತೆಗೆದ ಸಾಲುಗಳನ್ನು ಸರಿಯಾಗಿ ನೋಡಿ. 5 ಮತ್ತು 3 ಕೂಡಿಸಿದರೆ 53 ಬರುತ್ತಿದೆ ಅಂದುಕೊಳ್ಳಿ. ಕತ್ತರಿಸುತ್ತಾ ಹೋದರೆ ಕೊನೆಗೆ ಉಳಿಯುವುದು ಇನ್‌ಪುಟ್ ತೆಗೆದುಕೊಳ್ಳುವ ಎರಡು ಸಾಲು, ಕೂಡಿಸುವ ಒಂದು ಸಾಲು. ಪೈಥಾನ್ 3ರಲ್ಲಿ ಇನ್‌ಪುಟ್ ಫಂಕ್ಷನ್ ಕೊಡುವುದು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ನೀವು ಅಂಕಿ ಟೈಪ್ ಮಾಡಿದರೂ ಅಷ್ಟೇ. ಎರಡು ಸ್ಟ್ರಿಂಗ್ ಕೂಡಿಸಿದರೆ ಒಂದರ ಪಕ್ಕ ಒಂದು ಅಂಟಿಕೊಳ್ಳುತ್ತವೆ. ಮೂರೇ ಸಾಲು ಕಣ್ಣ ಮುಂದಿದ್ದಾಗ ಇದು ನಿಮಗೇ ಹೊಳೆಯಬಹುದು. ಕೇಳುವ ಮುಂಚೆಯೇ ಉತ್ತರ ಸಿಗುವುದು ಎಷ್ಟು ಖುಷಿ ಅಲ್ವಾ?

ಹೊಳೆಯದಿದ್ದರೆ ಆ ಮೂರು ಸಾಲು ಕಳಿಸಿ. ಏನು ಬರಬೇಕಿತ್ತು, ಏನು ಬಂತು, ಎರಡನ್ನೂ ಹೇಳಿ. ಎರರ್ ಬಂದಿದ್ದರೆ ಟ್ರೇಸ್‌ಬ್ಯಾಕ್ (ಪೈಥಾನ್ ತೋರಿಸುವ ಎರರ್ ವರದಿ) ಪೂರ್ತಿ ಕಾಪಿ ಮಾಡಿ ಹಾಕಿ, ಫೋಟೊ ಬೇಡ. ಎರರ್ ಏನು ಅನ್ನುವುದು ಅದರ ಕೊನೆಯ ಸಾಲಿನಲ್ಲಿರುತ್ತದೆ, ಎಲ್ಲಿ ಅನ್ನುವುದು ಅದರ ಮೇಲೆ. ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಗಳನ್ನು ಬಳಸಲು ಕೊಡುವ ಗುಟ್ಟಿನ ಕೋಡ್) ಇದ್ದರೆ ತೆಗೆದುಬಿಡಿ.

ಜೊತೆಗೆ, ನಿಜವಾಗಿ ಏನು ಮಾಡಲು ಹೊರಟಿದ್ದೀರಿ ಅಂತಲೂ ಹೇಳಿ. 'ಫೈಲ್ ಹೆಸರಿನ ಕೊನೆಯ ಮೂರು ಅಕ್ಷರ ಪಡೆಯುವುದು ಹೇಗೆ?' ಅಂತ ಕೇಳುವವರಿಗೆ ಸಾಮಾನ್ಯವಾಗಿ ಬೇಕಾಗಿರುವುದು ಎಕ್ಸ್‌ಟೆನ್ಷನ್, ಅಂದರೆ ಹೆಸರಿನಲ್ಲಿ ಚುಕ್ಕೆಯ ನಂತರದ ಭಾಗ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರೆ, ಜೆಪಿಇಜಿ ಅಂತ ನಾಲ್ಕು ಅಕ್ಷರವಿರುವ ಫೈಲ್ ಬಂದ ದಿನ ಪ್ರೋಗ್ರಾಂ ತಪ್ಪುತ್ತದೆ.

ನಾನು ಸಿದ್ಧ ಕೋಡ್ ಬರೆದುಕೊಡುವುದು ಕಡಿಮೆ. ಮೇಲಿನ 53ರ ಉದಾಹರಣೆಯಲ್ಲಾದರೆ, ಕೂಡಿಸುವ ಮುಂಚೆ ಇನ್‌ಪುಟ್ ಇಟ್ಟುಕೊಂಡ ವೇರಿಯಬಲ್‌ನ ಟೈಪ್, ಅಂದರೆ ಅದು ಅಂಕಿಯೋ ಸ್ಟ್ರಿಂಗೋ ಅನ್ನುವುದನ್ನು, ಪ್ರಿಂಟ್ ಮಾಡಿ ನೋಡಿ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಆದರೆ ಮುಂದಿನ ಸಲ ಅವರು ಇನ್ನೊಬ್ಬರಿಗಾಗಿ ಕಾಯಬೇಕಾಗುವುದಿಲ್ಲ, ಅದು ನನಗೆ ಮುಖ್ಯ. ಬಗೆಹರಿದ ಮೇಲೆ ಸುಮ್ನೆ 'ಥ್ಯಾಂಕ್ಸ್' ಅನ್ನದೆ, ಯಾವ ಸಾಲು ಬದಲಿಸಿದಿರಿ ಅಂತ ಬರೆಯಿರಿ. ಅದೇ ತೊಂದರೆಯಲ್ಲಿ ಸಿಕ್ಕಿಕೊಂಡ ಇನ್ನೊಬ್ಬರಿಗೆ ಬೇಕಾಗಿರುವುದು ಆ ಸಾಲೇ.