ಅಟ್ಟದ ಮೇಲಿನ ತಿರುಪಿನ ಲೆನ್ಸು, ಹೊಸ ಕ್ಯಾಮೆರಾ

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪನ ಹಳೇ ರಷ್ಯನ್ ಕ್ಯಾಮೆರಾ ಝೆನಿತ್ ಅಟ್ಟದಲ್ಲಿ ಸಿಕ್ತು, ಕ್ಯಾಮೆರಾ ಹಾಳಾಗಿದೆ ಆದ್ರೆ ಲೆನ್ಸು ತಿರುಗಿಸಿದ್ರೆ ಕಳಚಿ ಬಂತು, ಹೀಲಿಯೋಸ್ 44-2 ಅಂತ ಬರ್ದಿದೆ. ನನ್ನತ್ರ ನಿಕಾನ್ ಡಿಎಸ್‌ಎಲ್‌ಆರ್ ಇದೆ. ಇದಕ್ಕೆ ಕೂರ್ತದಾ? ಒಳಗೆ ಜೇಡರಬಲೆ ಥರ ಏನೋ ಕಾಣ್ತದೆ. - ಓದುಗರು, ಶಿರಸಿ

ಉತ್ತರ: ಅಡಾಪ್ಟರು, ಅಂದ್ರೆ ಒಂದರ ಲೆನ್ಸನ್ನ ಇನ್ನೊಂದು ಕ್ಯಾಮೆರಾಗೆ ಕೂರಿಸೋ ಉಂಗುರ, ಹಾಕಿದ್ರೆ ಕೂರೋದು ಕೂರ್ತದೆ, ಆದ್ರೆ ನೀವು ಅಂದ್ಕೊಂಡ ಹಾಗಲ್ಲ. ಈ ತಿರುಪಿನ ಹೆಸರು ಎಂ42, ಅಂದ್ರೆ 42 ಮಿ.ಮೀ. ಅಗಲ, ಥ್ರೆಡ್ಡಿಂದ ಥ್ರೆಡ್ಡಿಗೆ 1 ಮಿ.ಮೀ. ಇಲ್ಲಿ ಅಗಲಕ್ಕಿಂತ ದೂರದ ಲೆಕ್ಕ ಮುಖ್ಯ. ಎಂ42 ಲೆನ್ಸಿಗೆ ಕೂರೋ ಜಾಗದಿಂದ ಒಳಗೆ ಚಿತ್ರ ಹಿಡಿಯೋ ಸೆನ್ಸರಿನವರೆಗೆ 45.46 ಮಿ.ಮೀ. ಬೇಕು, ನಿಕಾನ್ ಡಿಎಸ್‌ಎಲ್‌ಆರಲ್ಲಿ ಅದು ಆಗ್ಲೇ 46.5 ಇದೆ. ಒಂದು ಮಿಲಿಮೀಟರ್ ತಾನೇ ಅಂತೀರಾ, ಆ ಒಂದರಲ್ಲೇ ಎಲ್ಲ ಹೋಗ್ತದೆ, ನಿಮ್ಮ 58 ಎಂಎಂ ಲೆನ್ಸಲ್ಲಿ ಸುಮಾರು ಮೂರು ಮೀಟರಿಂದಾಚೆ ಯಾವುದೂ ಶಾರ್ಪ್ ಬರೋದಿಲ್ಲ, ಅಂಗಳದ ದಾಸವಾಳ ತೆಗೀಬಹುದು, ಕಾರವಾರಕ್ಕೆ ಬಂದು ಕಾಳಿ ಸೇತುವೆ ತೆಗೀತೇನೆ ಅಂದ್ರೆ ಇಲ್ಲ. ನಡುವೆ ಗ್ಲಾಸ್ ಇರೋ ಅಡಾಪ್ಟರು ಹಾಕಿದ್ರೆ ದೂರದ್ದೂ ಬರ್ತದೆ, ಆದ್ರೆ ಅಗ್ಗದ ಗ್ಲಾಸು ಒಳ್ಳೇ ಲೆನ್ಸಿನ ಮರ್ಯಾದೆ ತೆಗೀತದೆ, ನಾನಂತೂ ಬೇಡ ಅಂತೇನೆ.

ಗೆಳೆಯರ ಹತ್ರ ಮಿರರ್‌ಲೆಸ್, ಅಂದ್ರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ ಇದ್ರೆ ಒಂದು ದಿನಕ್ಕೆ ಕೇಳ್ನೋಡಿ. ಸೋನಿ ಮಿರರ್‌ಲೆಸ್ಸಲ್ಲಿ ಲೆನ್ಸು ಕೂರೋ ಜಾಗ, ಅಂದ್ರೆ ಇ ಮೌಂಟಿನ ದೂರ ಬರೇ 18 ಮಿ.ಮೀ., ಉಳಿದ 27 ಚಿಲ್ಲರೆಯನ್ನ ಒಂದು ಖಾಲಿ ಲೋಹದ ಕೊಳವೆ ತುಂಬಿಸ್ತದೆ, ಅದೇ ಅಡಾಪ್ಟರು, ಒಳಗೆ ಗ್ಲಾಸೂ ಇಲ್ಲ ಕರೆಂಟೂ ಇಲ್ಲ. ಕ್ಯಾಮೆರಾಗೆ ಲೆನ್ಸ್ ಹಾಕಿದ್ದೇ ಗೊತ್ತಾಗೋದಿಲ್ಲ, ಹಾಗಾಗಿ ಮೆನುವಲ್ಲಿ 'ಲೆನ್ಸ್ ಇಲ್ಲದೆಯೂ ಶಟರ್ ಬಿಡು' ಅನ್ನೋದನ್ನ ಆನ್ ಮಾಡ್ಬೇಕು, ಇಲ್ಲಾಂದ್ರೆ ಬಟನ್ ಒತ್ತಿ ಒತ್ತಿ ಅಡಾಪ್ಟರಿಗೆ ಬೈತೀರಿ (ನಾನು ಬೈದಿದ್ದೇನೆ). ಫೋಕಸು ಕೈಯಲ್ಲೇ, ಮೆನುವಲ್ಲಿ ಪೀಕಿಂಗ್ ಅನ್ನೋದನ್ನ ಹಾಕ್ಕೊಂಡ್ರೆ ಶಾರ್ಪ್ ಇರೋ ಅಂಚು ಬಣ್ಣದಲ್ಲಿ ಹೊಳೀತದೆ. 44-2ಗೆ ಅಪರ್ಚರ್ (ಬೆಳಕು ಬಿಡೋ ಕಿಂಡಿ) ರಿಂಗು ಎರಡು, ಒಂದರಲ್ಲಿ ಎಷ್ಟು ಬೇಕು ಅಂತ ಇಟ್ಕೊಳ್ಳೋದು, ಇನ್ನೊಂದರಲ್ಲಿ ಪೂರ್ತಿ ತೆಗೆದು ಫೋಕಸ್ ಮಾಡಿ ಮತ್ತೆ ಅಲ್ಲಿವರೆಗೆ ಮುಚ್ಚೋದು. ಎಫ್2ರಲ್ಲಿ ಪೂರ್ತಿ ತೆಗೆದು ಯಾರನ್ನಾದ್ರೂ ಅಡಿಕೆ ತೋಟದ ಮುಂದೆ ನಿಲ್ಸಿ, ಹಿಂದಿನ ಎಲೆ ಸಂದಿಯ ಬೆಳಕೆಲ್ಲ ಸುಳಿ ಸುತ್ತಿದ ಹಾಗೆ ಬರ್ತದೆ, ಈ ಲೆನ್ಸಿಗೆ ಜನ ಮರುಳಾಗೋದು ಅದಕ್ಕೇ.

ಇನ್ನು ಜೇಡರಬಲೆ. ಅದು ಬೂಸ್ಟು, ಫಂಗಸ್. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಹಿಡೀತದೆ, ಲೆನ್ಸು ಯಾವ ಲೆಕ್ಕ. ಅಂಚಲ್ಲಿ ಸ್ವಲ್ಪ ಇದ್ರೆ ಫೋಟೋದಲ್ಲಿ ಕಾಣೋದಿಲ್ಲ, ನಡುವೆ ಹರಡಿದ್ರೆ ಬಿಸಿಲಿಗೆ ಎದುರಾದಾಗ ಎಲ್ಲ ಮಂಜು ಮಂಜು. ರಿಪೇರಿಯವರು ಬಿಚ್ಚಿ ಒರೆಸ್ತಾರೆ, ಆದ್ರೆ ಬೂಸ್ಟು ಗ್ಲಾಸಿನ ಮೇಲಿನ ಕೋಟಿಂಗ್ ತಿಂದಿದ್ರೆ ಆ ಕಲೆ ಹೋಗೋದಿಲ್ಲ. ಅಡಾಪ್ಟರು ತರೋ ಮೊದ್ಲು ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ನೋಡಿ. ಚರ್ಮದ ಕೇಸಲ್ಲಿ ವಾಪಸ್ ಇಡ್ಲೇಬೇಡಿ, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಸಣ್ಣ ತೇವಾಂಶ ಮೀಟರು ಸಾಕು, 40ರಿಂದ 50 ಪರ್ಸೆಂಟ್ ಒಳಗಿರ್ಲಿ. ಅಕ್ಕಿಯಲ್ಲಿ ಹುಗಿಯೋದು ಬೇಡ, ಧೂಳು ಒಳಗೆ ಹೋಗ್ತದೆ.

ಪ್ರಶ್ನೆ: ನನ್ನ ಸೂಪರ್ ಟಾಕುಮಾರ್ 50 ಎಂಎಂ 1.4 ಲೆನ್ಸಿನ ಗ್ಲಾಸು ಚಹಾ ಬಣ್ಣ ಆಗಿದೆ, ಬಿಸಾಡ್ಲಾ? - ಓದುಗರು, ಕುಮಟಾ

ಉತ್ತರ: ಅಯ್ಯೋ, ಬೇಡ! ಅದ್ರಲ್ಲಿ ಥೋರಿಯಂ ಅನ್ನೋ ವಿಕಿರಣ ಸೂಸೋ ಧಾತು ಸೇರಿಸಿದ ಗ್ಲಾಸಿದೆ, ವರ್ಷ ಕಳೆದ ಹಾಗೆ ಹಳದಿ ಆಗ್ತದೆ. ಅಲ್ಟ್ರಾವಯಲೆಟ್ ಬೆಳಕು ಬಿದ್ರೆ ಮತ್ತೆ ತಿಳಿಯಾಗ್ತದೆ, ಕೆಲವು ದಿನ, ಕೆಲವೊಮ್ಮೆ ವಾರಗಳೇ ಬೇಕು. ಬಿಸಿಲಲ್ಲಿ ಇಡೋದಾದ್ರೆ ಕಾದು ಗ್ರೀಸ್ ಕರಗದ ಹಾಗೆ ನೋಡ್ಕೊಳ್ಳಿ, ಸುತ್ತ ಒಣಗಿದ ಎಲೆ, ಕಾಗದ ಇರ್ಬಾರ್ದು, ಭೂತಗನ್ನಡಿ ಥರ ಬೆಂಕಿ ಹಿಡಿಸ್ತದೆ. ಜೂನಲ್ಲಿ ನಮ್ಮಲ್ಲಿ ಬಿಸಿಲೆಲ್ಲಿ, ಆಗ ಯುವಿ ಎಲ್‌ಇಡಿ ದೀಪವೇ ಗತಿ. ವಿಕಿರಣ ಇದೆ, ತೀರಾ ಕಮ್ಮಿ, ಫೋಟೋ ತೆಗ್ಯೋದಕ್ಕೆ ಭಯ ಬೇಡ, ಆದ್ರೆ ಆ ಗ್ಲಾಸನ್ನ ಉಜ್ಜೋದು, ಕೆರೆಯೋದು ಮಾಡ್ಬೇಡಿ.